ಮಡುವಿಗೆ ಬಿದ್ದ ಸಂಗ್ರಾಣಿ ಕಲ್ಲು

ನನ್ನ ಅಪ್ಪನದೊಂದು ಫೋಟೊ ಇಲ್ಲ. ಸಹಿಯೂ ಇಲ್ಲ, ಅವನಿಗೆ ಬರೆಯಲು ಬರುತ್ತಿರಲಿಲ್ಲ. ಉಳಿದದ್ದು ಒಂದೇ, ಅವನು ಕಡಿದ ಸಂಗ್ರಾಣಿ ಕಲ್ಲು. ಗರಡಿ ಮನೆಯಲ್ಲಿ ಹುಡುಗರು ತಾಕತ್ತು ತೋರಿಸಲು ಎತ್ತುವ ಕಲ್ಲದು. ಗುಂಡಗೆ, ಒಂದು ಭತ್ತದ ಚೀಲದಷ್ಟು ಭಾರ, ನಡುವೆ ಕೈ ತೂರಿಸಿ ಹಿಡಿಯಲು ಕೊರೆದ ಹಿಡಿ. ಆ ಕಲ್ಲನ್ನು ನಾನು ಕೃಷ್ಣೆಗೆ ಬೀಳಿಸಿದೆ. ಹೇಗೆ ಬಿತ್ತು ಎಂದು ಹೇಳಿದರೆ ನೀವು ನಗುತ್ತೀರಿ. ನಗಿ. ಹೇಗೆ ತೆಗೆದೆವು ಎಂಬುದನ್ನು ಮಾತ್ರ ನಾನು ಇಷ್ಟು ವರ್ಷ ನನ್ನ ಬಾಯಿಂದ ಯಾರಿಗೂ ಹೇಳಿಲ್ಲ.

ನಮ್ಮೂರು ಕಕ್ಕೇರಾದ ಕೆಳಗೆ, ಹೊಳೆ ದಂಡೆಗೆ. ಅಪ್ಪ ಕಾಲುವೆ ಕೆಲಸದಲ್ಲಿ ಕಲ್ಲು ಒಡೆಯುತ್ತಿದ್ದ. ಹಗಲೆಲ್ಲ ಅಲ್ಲಿ ಕಲ್ಲು ಕಡಿದು, ಸಂಜೆ ಮನೆಗೆ ಬಂದು ರೊಟ್ಟಿ ತಿಂದು, ಮತ್ತೆ ಉಳಿ ಸುತ್ತಿಗೆ ಹಿಡಿದು ಕೂಡುತ್ತಿದ್ದನಂತೆ. "ಹಗಲಿಂದು ಸರ್ಕಾರದ ಕಲ್ಲು, ಇದು ನನ್ನ ಕಲ್ಲು" ಅನ್ನುತ್ತಿದ್ದನಂತೆ. ಕಾಲುವೆಗೆ ನೀರು ಬರುವ ಮೊದಲೇ ಜ್ವರ ಬಂದು ಹೋಗಿಬಿಟ್ಟ. ನನಗಾಗ ಮೂರು ವರ್ಷ, ಅವನ ಮುಖ ನೆನಪಿಲ್ಲ. ಕಲ್ಲಿನ ಹಿಡಿಯೊಳಗೆ ಕೈ ಹಾಕಿದರೆ ಉಳಿಯ ಗುರುತುಗಳು ಬೆರಳಿಗೆ ಸಿಗುತ್ತಿದ್ದವು. ನನಗೆ ಅಪ್ಪ ಅಂದರೆ ಅಷ್ಟೇ.

ಗರಡಿಯವರು ಪ್ರತಿ ಅಮಾವಾಸ್ಯೆಗೆ ಅದಕ್ಕೆ ಎಣ್ಣೆ ಸವರಿ ವಿಭೂತಿ ಹಚ್ಚುತ್ತಿದ್ದರು. ಅದನ್ನು ಯಾರೂ ದಾಟುವಂತಿರಲಿಲ್ಲ, ಅದಕ್ಕೆ ಕಾಲು ತಾಗಿಸುವಂತಿರಲಿಲ್ಲ. ಅಪ್ಪಿತಪ್ಪಿ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಇದೇ ರಿವಾಜು ನನ್ನನ್ನು ಕೆಡಿಸಿತು.

ಹೊಳೆಯಾಚೆಯ ಊರಲ್ಲಿ ಕಲ್ಲೆತ್ತುವ ಪಂದ್ಯ ಇಟ್ಟಿದ್ದರು. ಆ ಊರವನೊಬ್ಬ ಸಂತೆಯಲ್ಲಿ ಎದುರಾಗಿ, "ನಿಮ್ಮೂರ ಕಲ್ಲೇನು, ಹೆಣ್ಮಕ್ಕಳು ಸಜ್ಜಿ ಬೀಸೋ ಕಲ್ಲೇನು?" ಅಂದ. ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. "ಕಲ್ಲು ಹೊತ್ಕೊಂಡೇ ಬರ್ತೀನಿ, ನಿಮ್ಮೂರ ಗಂಡಸರು ಎತ್ತಿ ತೋರಿಸ್ರಿ" ಅಂದುಬಿಟ್ಟೆ. ಅವ್ವ ಬೇಡ ಅಂದಳು. "ಎತ್ತೋರು ಇಲ್ಲಿಗೆ ಬಂದು ಎತ್ತಲಿ. ಅದನ್ಯಾಕ ಹೊಳಿ ದಾಟಿಸ್ತಿ?" ಅಂದಳು. ನಾನು ಯಾರ ಮಾತು ಕೇಳಿದವನು! ಗರಡಿಯ ಹಿರಿಯರ ಕಾಲು ಹಿಡಿದು, ಮರುದಿನ ಸಂಜೆಯೊಳಗೆ ತಂದಿಡುತ್ತೇನೆಂದು ಮಾತು ಕೊಟ್ಟು ಕಲ್ಲು ಹೊರಡಿಸಿದೆ.

ಜೊತೆಗೆ ನನ್ನ ಗೆಳೆಯ ಬಂದ. ಒಂದೇ ತಾಟಿನಲ್ಲಿ ಉಂಡು ಬೆಳೆದವರು ನಾವು. ಇಬ್ಬರೂ ಶಹಾಪುರದಲ್ಲಿ ಹಮಾಲಿ ಮಾಡುತ್ತಿದ್ದೆವು. ಅವನು ನನ್ನ ಬೆನ್ನಿಗೆ ಚೀಲ ಏರಿಸಿದನೆಂದರೆ ನಾನು ಹಿಂದೆ ತಿರುಗಿಯೂ ನೋಡದೆ ನಡೆಯುತ್ತಿದ್ದೆ.

ನಾವು ಹೊರಡುವ ಹಿಂದಿನ ಸಂಜೆ ಊರಲ್ಲಿ ಡಂಗುರ ಸಾರಿದ್ದರು, ನಾಳೆ ಮಧ್ಯಾಹ್ನ ಆಣೆಕಟ್ಟಿನಿಂದ ಹೊಳೆಗೆ ನೀರು ಬಿಡುತ್ತಾರೆ, ಯಾರೂ ಇಳಿಯಬಾರದು ಅಂತ. ನಾವು ಬೆಳಿಗ್ಗೆಯೇ ದಂಡೆಗೆ ಬಂದೆವು. ಹರಿಗೋಲು ನಡೆಸುವ ಕಾಕಾ ಕಲ್ಲು ನೋಡಿದ ಕೂಡಲೇ, "ಅದನ್ನ ನಡು ಇಡ್ರೋ" ಅಂದ. ಬುಟ್ಟಿಯಂತಹ ಹರಿಗೋಲು ಅದು, ಭಾರ ನಡುವೆ ಇದ್ದರೇ ಕ್ಷೇಮ. ಆದರೆ ನಡುವೆ ಇಟ್ಟರೆ ಮೂವರ ಕಾಲೂ ಕಲ್ಲಿಗೆ ತಾಗುತ್ತವೆ.

"ಕಾಲು ತಾಗ್ತಾವ ಕಾಕಾ. ನಮ್ಮಪ್ಪಗ ಒದ್ದಂಗ ಆಗ್ತದ" ಅಂದೆ.

"ನಿಮ್ಮಪ್ಪ ಕಲ್ಲಿನಾಗ ಕುಂತಾನೇನಲೇ? ಹೇಳಿದಂಗ ಕೇಳು."

ಕೇಳಲಿಲ್ಲ. ಗೋಣಿಚೀಲ ಮಡಚಿ ಅಂಚಿನ ಮೇಲೆ ಹಾಸಿ, ಅದರ ಮೇಲೆ ಕಲ್ಲನ್ನು ದೇವರಂತೆ ಕೂಡಿಸಿ, ತೂಕ ಸರಿಯಾಗಲೆಂದು ನಾವಿಬ್ಬರೂ ಎದುರು ಅಂಚಿಗೆ ಕುಳಿತೆವು. ಕಾಕಾ ಬೈಯುತ್ತಲೇ ಹುಟ್ಟು ಹಾಕಿದ. ನಡು ಹೊಳೆಯ ಮಡುವಿನ ಹತ್ತಿರ ನೀರು ಸುಳಿಯುತ್ತಿತ್ತು, ಹರಿಗೋಲು ಗಿರ್ರನೆ ತಿರುಗಿತು. ಗೆಳೆಯ ತೋಲ ತಪ್ಪಿ ಒಂದು ಮೊಳ ಕಲ್ಲಿನ ಕಡೆ ಸರಿದ. ಅಷ್ಟೇ ಸಾಕಾಯಿತು. ಕಲ್ಲು ಗೋಣಿಚೀಲದ ಸಮೇತ ಹೊರಳಿ ಗುಳುಮ್ಮನೆ ಒಳಗೆ ಹೋಯಿತು. ನೀರಿನ ಮೇಲೆ ಸ್ವಲ್ಪ ಎಣ್ಣೆಯ ಜಿಡ್ಡು ತೇಲಿತು. ನಾನು ಅದನ್ನು ಬೊಗಸೆಯಲ್ಲಿ ಹಿಡಿಯಲು ಹೋದೆ. ಹುಚ್ಚು ಹಿಡಿದಿತ್ತು ನನಗೆ.

"ಹೋತು, ಬಿಡು. ಮಡು ಎರಡಾಳು ಆಳ ಅದ, ಮೊಸಳಿನೂ ಅದಾವ. ಮಧ್ಯಾಹ್ನಕ್ಕ ನೀರು ಬರ್ತದ" ಎಂದ ಕಾಕಾ. ನಾನು ಅವನ ಕಾಲಿಗೆ ಬಿದ್ದೆ. ನೀರು ಬಂದರೆ ಕಲ್ಲು ಉಸುಕಿನೊಳಗೆ ಹೂತುಹೋಗುತ್ತದೆ, ಅಪ್ಪ ಎರಡನೇ ಸಲ ಮಣ್ಣಾಗುತ್ತಾನೆ ಎಂದು ಹರಿಗೋಲಿನಲ್ಲೇ ಅತ್ತೆ. ಇಪ್ಪತ್ತೆರಡು ವರ್ಷದ ಆಳು, ಕ್ವಿಂಟಲ್ ಚೀಲ ಹೊರುವವನು, ಕೂಸಿನಂತೆ ಗೋಳೋ ಅಂದೆ. ಕಾಕಾ ತಲೆ ಚಚ್ಚಿಕೊಂಡು, ಹರಿಗೋಲು ದಂಡೆಗೆ ಹಚ್ಚಿ, ತನ್ನ ಗುಡಿಸಲಿಗೆ ಹೋಗಿ ಹಗ್ಗ ಮತ್ತು ಪಾತಾಳಗರಡಿ ತಂದ. ಬಾವಿಗೆ ಬಿದ್ದ ಕೊಡ ತೆಗೆಯುವ ಕೊಂಡಿಗಳ ಗೊಂಚಲು ಅದು. ಕಾಲುವೆ ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ, ತುಕ್ಕು ಹಿಡಿದಿತ್ತು.

ಮಡುವಿನ ಮಗ್ಗುಲಲ್ಲಿ ಒಂದು ಬಂಡೆ ನೀರಿನಿಂದ ಮೇಲೆದ್ದು ನಿಂತಿತ್ತು. ಕಾಕಾ ನಮ್ಮಿಬ್ಬರನ್ನೂ ಅದರ ಮೇಲೆ ಇಳಿಸಿದ, ಅಲ್ಲಿ ನಿಂತು ಪಾತಾಳಗರಡಿ ಬಿಟ್ಟೆವು. ಮೊದಲು ಹರಿದ ಬಲೆ ಬಂತು. ಆಮೇಲೆ ಜಾಲಿಯ ಕೊಂಬೆ. ಆಮೇಲೆ ಒಂದು ಚಪ್ಪಲಿ. ಮತ್ತೆ ಕೊಂಬೆ. ಸೂರ್ಯ ಏರುತ್ತಲೇ ಇದ್ದ. ಅಂಗೈ ಸುಲಿದು ಹಗ್ಗಕ್ಕೆ ರಕ್ತ ಹತ್ತಿತು. ಹೊಳೆಯ ತಳದ ತುಂಬ ಗುಂಡುಕಲ್ಲುಗಳೇ, ಕೊಂಡಿ ಎಲ್ಲದಕ್ಕೂ ತಾಗಿ ಕಟಕಟ ಅನ್ನುವುದು, ಯಾವುದನ್ನೂ ಹಿಡಿಯದು. ನಾನು ಪಾತಾಳಗರಡಿಗೆ ಬೈದೆ, ಹೊಳೆಗೆ ಬೈದೆ, ಕೊನೆಗೆ ಗೆಳೆಯನಿಗೇ ಬೈದೆ. "ನೀ ಯಾಕ ಸರದಿ ಭಾಡ್ಯಾ? ನೀ ಸರೀಲಿಕ್ಕಂದ್ರ ಬೀಳ್ತಿತ್ತೇನು?"

ಅವನು ಅಂಗಿ ಕಳಚಿ ಬಂಡೆಯ ಮೇಲಿಟ್ಟ. "ಹಗ್ಗ ಕೊಡು, ನಾನೇ ಒಳಗ ಹೋಗಿ ಹಿಡಿಗೆ ಕಟ್ತೀನಿ" ಅಂದ. ನಾವಿಬ್ಬರೂ ಕಾಲುವೆಯಲ್ಲಿ ಈಜು ಕಲಿತವರೇ. ಮಡುವಿಗೆ ಮುಳುಗಲು ಮಾತ್ರ ನನಗೆ ಎದೆಯಿರಲಿಲ್ಲ. ಅವನು ಅದನ್ನು ಬಲ್ಲ. ಅದಕ್ಕೇ ನನಗೆ ಹೋಗು ಅನ್ನಲಿಲ್ಲ.

ಒಂದು ಸಲ ಮುಳುಗಿ ಬರಿಗೈಯಲ್ಲಿ ಬಂದ. ಎರಡನೇ ಸಲವೂ ಇಲ್ಲ. ನಾಲ್ಕನೆಯ ಸಲ ತುಟಿ ನೀಲಿಯಾಗಿತ್ತು, "ಸಾಕಾತು ಬಾರೋ" ಅಂದ ಕಾಕಾ ಹರಿಗೋಲಿನಿಂದ. ನಾನು ಸಾಕು ಅನ್ನಲಿಲ್ಲ. ಗೆಳೆಯ ನನ್ನ ಮುಖ ನೋಡಿದ, ಮತ್ತೆ ಮುಳುಗಿದ. ಈ ಸಲ ಹಗ್ಗ ಎರಡು ಬಾರಿ ಜಗ್ಗಿತು. ಸಿಕ್ಕಿದೆ ಅನ್ನುವ ಗುರುತು! ಅವನು ಮೇಲೆ ಬಂದು, "ಎರಡು ಬಂಡೆಗಲ್ಲಿನ ನಡು ಸಿಕ್ಕೊಂಡದ. ಎಳಿ, ನಾ ಕೆಳಗಿಂದ ಅದನ್ನ ಹೊರಳಿಸ್ತೀನಿ" ಎಂದು ಮತ್ತೆ ಇಳಿದ. ನಾನು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಕಲ್ಲು ಕದಲಿತು. ದೇವರಾಣೆ, ಅಷ್ಟು ಖುಷಿ ನನ್ನ ಜನ್ಮದಲ್ಲಿ ಮತ್ತೆ ಆಗಿಲ್ಲ.

ಆಗಲೇ ಕಾಕಾ ಕೂಗಿದ. "ನೀರು ಬಂತೋ! ಬಿಡ್ರೋ, ಬಿಟ್ಟು ಬರ್ರೋ!"

ನೊರೆ, ಕಸಕಡ್ಡಿ ಹೊತ್ತು ಕೆಂಪು ನೀರು ಬರುತ್ತಿತ್ತು. ಗೆಳೆಯ ಮೇಲೆದ್ದಾಗ ಸೆಳವು ಅವನನ್ನು ಹಿಡಿದಾಗಿತ್ತು. ಬಂಡೆಯ ಅಂಚಿಗೇ ಬಂದ, ನನ್ನಿಂದ ಒಂದು ಮಾರು ದೂರ. ಬಂಡೆ ಪಾಚಿಗಟ್ಟಿತ್ತು, ಅವನ ಬೆರಳು ಜಾರುತ್ತಿದ್ದವು.

"ಕೈ ಕೊಡೋ!" ಅಂದ.

ಕೊಡಬಹುದಿತ್ತು. ಒಂದು ಕೈ ಬಿಟ್ಟಿದ್ದರೆ ಸಾಕಿತ್ತು. ಆದರೆ ಒಂದು ಕೈ ಬಿಟ್ಟರೆ ಹಗ್ಗ ಜಾರುತ್ತದೆ, ಕಲ್ಲು ಮತ್ತೆ ಮಡುವಿಗೆ ಇಳಿಯುತ್ತದೆ, ಇನ್ನು ಸಿಗುವುದಿಲ್ಲ. ಇಷ್ಟನ್ನೂ ನಾನು ಯೋಚಿಸಿದೆ. ಯೋಚಿಸಲು ನನಗೆ ಹೊತ್ತಿತ್ತು, ಅದನ್ನೇ ಹೇಳುತ್ತಿದ್ದೇನೆ. ಕಣ್ಣಿಗೆ ಕಣ್ಣು ಕೂಡಿತು. ನಾನು ಎರಡೂ ಕೈಯಿಂದ ಹಗ್ಗ ಹಿಡಿದೇ ನಿಂತೆ.

ಅವನು ಎರಡನೇ ಸಲ ಕೇಳಲಿಲ್ಲ. ಸೆಳವು ಎಳೆದುಕೊಂಡು ಹೋಯಿತು. ಕಾಕಾ ಹರಿಗೋಲು ಅಡ್ಡ ಹಾಕಿ ಹುಟ್ಟು ಚಾಚಿದ, ಅದೃಷ್ಟಕ್ಕೆ ಅದು ಅವನ ಕೈಗೆ ಸಿಕ್ಕಿತು. ಬೆಳಿಗ್ಗೆ ನಮಗೆ ಬೈದಿದ್ದ ಮುದುಕ ಅವನನ್ನು ಜುಟ್ಟು ಹಿಡಿದು ಒಳಗೆಳೆದುಕೊಂಡ. ನಾನು ಅಷ್ಟರಲ್ಲಿ ಕಲ್ಲನ್ನು ಬಂಡೆಗೆ ಹತ್ತಿಸಿದ್ದೆ. ಕಾಕಾ ಹೇಗೋ ಮತ್ತೆ ಬಂಡೆಗೆ ಹರಿಗೋಲು ಹಚ್ಚಿ, ನನ್ನನ್ನೂ ಕಲ್ಲನ್ನೂ ಗೆಳೆಯನ ಅಂಗಿಯನ್ನೂ ಹತ್ತಿಸಿಕೊಂಡ.

ದಂಡೆಗೆ ಬಂದ ಮೇಲೆ ಗೆಳೆಯ ಬೋರಲು ಮಲಗಿ ಬಹಳ ಹೊತ್ತು ನೀರು ಕಾರಿದ. ಕಾಕಾ ಅವನ ಬೆನ್ನು ತಿಕ್ಕುತ್ತ ನನ್ನ ಕಡೆ ನೋಡಿ ಕ್ಯಾಕರಿಸಿ ಉಗಿದ. ನಾನು "ದೋಸ್ತ..." ಎಂದೆ. ಗೆಳೆಯ ಎದ್ದ. ನನ್ನ ಹತ್ತಿರ ಬಂದು, ದಿನಾ ಚೀಲ ಏರಿಸುತ್ತಿದ್ದ ಹಾಗೆಯೇ ಬಗ್ಗಿ, ಕಲ್ಲನ್ನು ನನ್ನ ಹೆಗಲಿಗೆ ಏರಿಸಿದ. ಆಮೇಲೆ ಅಂಗಿ ತೊಟ್ಟುಕೊಂಡು, ಹೊಲದ ಬದುವಿನ ಮೇಲೆ ಒಬ್ಬನೇ ನಡೆದು ಹೋದ.

ಮನೆಗೆ ಬಂದು ಕಲ್ಲನ್ನು ಕಟ್ಟೆಯ ಮೇಲಿಟ್ಟೆ. ಸುದ್ದಿ ಅದಾಗಲೇ ಊರು ಮುಟ್ಟಿತ್ತು. ಅವ್ವ ಬಾಗಿಲಲ್ಲೇ ನಿಂತಿದ್ದಳು. ಅವಳು ಓಡಿ ಬಂದು ಕಲ್ಲನ್ನು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅದರ ಕಡೆ ನೋಡಲೂ ಇಲ್ಲ.

"ಆ ಹುಡುಗ ಕೈ ಕೊಡು ಅಂದನಂತ. ಖರೇನ?" ಅಂದಳು.

"ಅಪ್ಪನ ಕಲ್ಲು ಅವ್ವ... ಬಿಟ್ರ ಹೋಗ್ತಿತ್ತು."

"ನಿಮ್ಮಪ್ಪ ಇದ್ದಿದ್ರ ಬಿಡ್ತಿದ್ದ."

ಅಷ್ಟು ಹೇಳಿ ಒಳಗೆ ಹೋದಳು. ಒಂದು ಚರಿಗೆಯಲ್ಲಿ ಬಿಸಿ ಹಾಲು ಹಾಕಿಕೊಂಡು, ಸೆರಗಿನಿಂದ ಮುಚ್ಚಿಕೊಂಡು, ಗೆಳೆಯನ ಮನೆಯ ದಾರಿ ಹಿಡಿದಳು. ನನಗೆ ಬಾ ಅನ್ನಲಿಲ್ಲ.