ಭಾರದ ಕ್ವಾರ್ಕು ಮತ್ತು ನಮ್ಮಕ್ಕ

ಮನೆಯಲ್ಲಿ ನಮ್ಮಕ್ಕನಿಗೆ ಇಟ್ಟ ಹೆಸರು ಮೊಂಡಿ. ನಾನು ಬಟ್ಟೆ ಹೊಲಿಯುವವಳು. ಅವಳು ಓದಿ ಓದಿ ಕಣಗಳ ಲೆಕ್ಕಕ್ಕೆ ಬಿದ್ದಳು. ಅದೆಂಥ ಕೆಲಸವೆಂದು ಕೇಳಿದರೆ, ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಕೂತು ಶುರುಮಾಡುತ್ತಿದ್ದಳು.

"ಪರಮಾಣುವಿನ ಬೀಜಗಳನ್ನ ಜೋರಾಗಿ ಡಿಕ್ಕಿ ಹೊಡೆಸಿದ್ರೆ ಪ್ರೋಟಾನು, ನ್ಯೂಟ್ರಾನು ಕರಗಿ, ಅವುಗಳೊಳಗಿನ ಕ್ವಾರ್ಕು, ಗ್ಲುವಾನು ಅನ್ನೋ ಇನ್ನೂ ಸಣ್ಣ ಕಣಗಳ ರಸ ಆಗುತ್ತೆ ಕಣೇ. ಸೂರ್ಯನ ಒಡಲೂ ಅದರ ಮುಂದೆ ತಣ್ಣಗೆ. ಡಿಕ್ಕಿಯ ಮೊದಲ ಕ್ಷಣದಲ್ಲೇ ಹುಟ್ಟಿದ ಭಾರದ ಕ್ವಾರ್ಕು ಅದರೊಳಗೆ ನುಗ್ಗುತ್ತೆ. ಹಗುರದವು ಎಲ್ಲಾ ಕಡೆಯಿಂದ ಗುದ್ದುತ್ವೆ. ಒಂದು ಗುದ್ದಿಗೆ ಅದು ಜಗ್ಗಲ್ಲ. ಗುದ್ದು ಸೇರ್ತಾ ಸೇರ್ತಾ ವೇಗ ಕಳ್ಕೊಂಡು, ಹರಿವಿನ ಜೊತೆ ಸಾಗಿ, ಕೊನೆಗೆ ರಸದ ಬಿಸಿಗೇ ಹೊಂದಿಕೊಳ್ಳುತ್ತೆ."

"ಅಷ್ಟರಲ್ಲಿ ರಸವೇ ಆರಿಹೋದ್ರೆ?"

"ಅದೇ ನೋಡು ಪ್ರಶ್ನೆ!"

ಅವಳ ಲೆಕ್ಕದಲ್ಲಿ, ಆರುವ ಮೊದಲೇ ಅದು ಬಹುಪಾಲು ಹೊಂದಿಕೊಳ್ಳುತ್ತಿತ್ತು. ಅದೇ ಲೆಕ್ಕಕ್ಕೆ ಪಕ್ಕದ ಕುರ್ಚಿಯ ಸಹೋದ್ಯೋಗಿ ಬರೆದ ಕಂಪ್ಯೂಟರ್ ಪ್ರೋಗ್ರಾಂ, ಹೊಂದುವುದೇ ಇಲ್ಲ ಎನ್ನುತ್ತಿತ್ತು. ದೊಡ್ಡ ಸಮ್ಮೇಳನಕ್ಕೆ ಕಳಿಸುವುದು ಎರಡರಲ್ಲಿ ಒಂದು ಉತ್ತರವನ್ನು ಮಾತ್ರ. ಅರಳು ಹುರಿದಂತೆ ಮಾತಾಡುವ ಅವನ ಕಡೆಗೇ ಅವರಿಬ್ಬರ ಮೇಲಿನ ಮೇಷ್ಟರು ವಾಲಿದ್ದರು. ಅಕ್ಕನ ವರ್ಷಗಟ್ಟಲೆಯ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದರಲ್ಲಿತ್ತು. ನನಗೆ ಮೈಯೆಲ್ಲ ಉರಿಯಿತು.

ಅದನ್ನು ತೀರ್ಮಾನಿಸುವ ಕೊನೆಯ ಸಭೆಗೆ ಯಾರು ಬೇಕಾದರೂ ಬರಬಹುದಿತ್ತು. ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅಕ್ಕ ಎದ್ದು ಒಂದೇ ಒಂದು ಪರೀಕ್ಷೆ ಕೇಳಿದಳು: ರಸವನ್ನು ಆರಲು ಬಿಡದೆ ಒಂದೇ ಬಿಸಿಯಲ್ಲಿಟ್ಟು, ಎರಡೂ ಪ್ರೋಗ್ರಾಂಗಳಲ್ಲಿ ಕ್ವಾರ್ಕನ್ನು ಬಹಳ ಹೊತ್ತು ಬಿಡಬೇಕು.

"ಅದೆಲ್ಲ ಅ ಆ ಇ ಈ ಮಟ್ಟದ್ದು. ಯಾರು ಮಾಡ್ತಾ ಕೂರ್ತಾರೆ?" ಸಹೋದ್ಯೋಗಿ ನಕ್ಕ.

"ಈಗ ಮಾಡೋಣ," ಅಕ್ಕ ಬಿಡಲಿಲ್ಲ.

ಪರದೆಯ ಮೇಲೆ ಕ್ವಾರ್ಕಿನ ಬಿಸಿ ತೋರಿಸುವ ಎರಡು ಗೆರೆ ಓಡಿದವು. ಅಕ್ಕನ ಗೆರೆ ರಸದ ಬಿಸಿಗೆ ಇಳಿದು ನಿಂತಿತು. ಅವನದು ಅದಕ್ಕಿಂತ ಮೇಲೆಯೇ ನಿಂತುಬಿಟ್ಟಿತು.

"ನೀರಿಗಿಂತ ನೀರಲ್ಲಿಟ್ಟ ಚಮಚ ಜಾಸ್ತಿ ಬಿಸಿ ಆಗುತ್ತಾ ಸರ್?" ಎಂದಳು ಅಕ್ಕ. "ಗುದ್ದೋದೂ ಅದೇ ರಸ, ತಡೆಯೋದೂ ಅದೇ ರಸ. ಎರಡಕ್ಕೂ ತಾಳೆ ಇರಬೇಕು. ಇಲ್ಲಿ ಗುದ್ದು ಹೆಚ್ಚಾಗಿದೆ, ತಡೆ ಸಾಲದು."

ಸಹೋದ್ಯೋಗಿ ತನ್ನ ಪ್ರೋಗ್ರಾಂ ತೆರೆದು ಸಾಲುಸಾಲಾಗಿ ಓದಿದ. ಆಮೇಲೆ ಮೆಲ್ಲಗೆ, "ಹೌದು, ಅವರು ಹೇಳಿದ್ದೇ ಸರಿ," ಎಂದ.

ಮೇಷ್ಟರು ಅಕ್ಕನ ಕಡೆ ತಿರುಗಿದರು. "ಸಮ್ಮೇಳನಕ್ಕೆ ನೀನೇ ಹೋಗಮ್ಮ. ವೇದಿಕೆ ಹತ್ತಿ ನೀನೇ ಹೇಳು."

ನನಗೆ ಸಂತೋಷ ತಡೆಯಲಾಗಲಿಲ್ಲ. ಸಭೆ ಗಿಭೆ ಮರೆತು ಚಪ್ಪಾಳೆ ಹೊಡೆದೆ. ದೊಡ್ಡವರೆಲ್ಲ ತಿರುಗಿ ನನ್ನನ್ನೇ ನೋಡಿದರು. ಮೊದಲು ನನ್ನ ಚಪ್ಪಾಳೆಗೆ ಕೈ ಸೇರಿಸಿದವನು ಆ ಸಹೋದ್ಯೋಗಿಯೇ.