ಮೆಟ್ಟಿಲ ಮೇಲಿನ ಮಣ್ಣು

ನನಗೆ ಈಜು ಕಲಿಸಿದವನು ನನ್ನ ತಾಯಿಯ ತಮ್ಮ. ಕಲಿಸಿದ ಅನ್ನುವುದು ದೊಡ್ಡ ಮಾತು. ಏಳು ವರ್ಷದ ನನ್ನನ್ನು ಎತ್ತಿ ಬಾವಿಗೆ ಎಸೆದ, ಅಷ್ಟೆ. ಕ್ಯಾಸಂಬಳ್ಳಿ ಪಕ್ಕದ ನಮ್ಮ ಹಳ್ಳಿಯಲ್ಲಿ ಆಗಿನ್ನೂ ಆ ಒಂದು ಬಾವಿಯಲ್ಲಿ ನೀರಿತ್ತು. ಮುಳುಗಿ ಎದ್ದು, ಹೊಟ್ಟೆ ತುಂಬ ನೀರು ಕುಡಿದು, ಹೇಗೋ ಕಲ್ಲುಮೆಟ್ಟಿಲು ಹಿಡಿದುಕೊಂಡೆ. “ಕೈ ಎಂಗೆ ಬಡೀಬೇಕು ಮಾಮ?” ಅಂತ ಅಳುತ್ತ ಕೇಳಿದೆ. ಅವನು ಬೀಡಿ ಕಚ್ಚಿಕೊಂಡೇ ಮೆಟ್ಟಿಲಿಳಿದು ಬಂದ.

“ನಾನ್ಯಾಕ್ ಯೋಳ್ಲಿ? ನೀರೇ ಕಲಿಸ್ತದೆ” ಅಂದ. ನನ್ನ ಬೆರಳುಗಳ ಮೇಲೆ ಕಾಲಿಟ್ಟು ಮೆಟ್ಟಿಲು ಬಿಡಿಸಿದ.

ಕೈಕಾಲು ಬಡಿಯುವುದು ಬಂದ ಮೇಲೆ ಉಸಿರಿನ ಪಾಠ ಶುರುವಾಯಿತು. ತಲೆಯ ಮೇಲೆ ಅಂಗೈಯಿಟ್ಟು ನೀರಿಗೆ ಅದುಮಿ ಎಣಿಸುತ್ತಿದ್ದ. ಬಾಯಿಂದ ಒಂದು ಗುಳ್ಳೆ ಬಂದರೂ ಸೋತ ಹಾಗೆ. “ಗುಳ್ಳೆ ಬಿಟ್ಟೋಳು ಸತ್ತೋದ್ಲು ಅಂತಾನೆ ಲೆಕ್ಕ” ಅನ್ನುತ್ತ ಒಂದು ಕ್ಷಣ ಮೇಲೆತ್ತಿ ಮತ್ತೆ ಅದುಮುತ್ತಿದ್ದ. ಅವನೇ ಮುಳುಗಿದರೆ ದಂಡೆಯ ಮೇಲಿದ್ದವರು ಒಂದು ಬೀಡಿ ಪೂರ್ತಿ ಸೇದಿ ಮುಗಿಸಬಹುದಿತ್ತು. ನೀರಿನ ಮೇಲೆ ಒಂದು ಗುಳ್ಳೆಯೂ ಕಾಣುತ್ತಿರಲಿಲ್ಲ. ಬಂಗಾರಪೇಟೆಯವರೆಗೂ ಅವನ ಹೆಸರಿತ್ತು. ಬಾವಿಗೆ ಬಿಂದಿಗೆ ಬಿದ್ದರೆ, ಪಂಪು ಜಾರಿದರೆ, ಮೇಕೆ ಬಿದ್ದರೆ, ಮನುಷ್ಯರೇ ಬಿದ್ದರೆ ಮಾಮನಿಗೆ ಕರೆ ಬರುತ್ತಿತ್ತು.

ಬಾವಿಯ ತಳ ಮುಟ್ಟಿ ಬಂದೆ ಅನ್ನುವುದಕ್ಕೆ ಸಾಕ್ಷಿ ಒಂದು ಹಿಡಿ ಮಣ್ಣು. ನನಗೆ ಒಂಬತ್ತು ತುಂಬಿದ ವರ್ಷ ಅದನ್ನು ತಂದೆ. ಕಿವಿಯೊಳಗೆ ಸೂಜಿ ಚುಚ್ಚಿದಂತಾಗುತ್ತಿತ್ತು, ಮೂಗಿನಲ್ಲಿ ರಕ್ತ ಬಂದಿತ್ತು. ಆದರೂ ಮುಷ್ಟಿ ಬಿಡದೆ ಮೇಲೆ ಬಂದು ಅವನ ಮುಂದೆ ಹಿಡಿದೆ. ಕಪ್ಪು ಕೆಸರು, ಕೊಳೆತ ವಾಸನೆಯದು. ಮಾಮ ನೋಡಿದ, ಮೂಸಿದ, ಮತ್ತೆ ನೀರಿಗೆ ಎಸೆದ.

“ಇದು ಮೆಟ್ಲು ಮೇಲಿನ ಮಣ್ಣು. ಕಳ್ಳಿ” ಅಂದ.

ದಂಡೆಯ ಮೇಲಿದ್ದವರೆಲ್ಲ ನಕ್ಕರು. ನಮ್ಮ ಬಾವಿಯ ಮೆಟ್ಟಿಲ ಮೇಲಿನ ಮಣ್ಣು ಕೆಂಪಗಿರುತ್ತದೆ. ಅದು ನನಗೆ ಗೊತ್ತಿತ್ತು, ನನಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು. ಈ ಮನುಷ್ಯ ಹೆದರುವುದನ್ನು ಒಂದು ದಿನ ನನ್ನ ಕಣ್ಣಾರೆ ನೋಡಬೇಕು ಅಂತ ಅಂದೇ ತೀರ್ಮಾನಿಸಿದೆ. ಮಕ್ಕಳ ಸಿಟ್ಟು ಹಾಲಿನ ನೊರೆಯಂತೆ ಇಳಿದುಹೋಗುತ್ತದೆ ಅಂತಾರೆ. ನನ್ನದು ಇಳಿಯಲಿಲ್ಲ.

ಮುಂದೆ ಆ ಈಜೇ ನನಗೆ ಅನ್ನ ಹಾಕಿತು. ಹತ್ತು ವರ್ಷ ಸಮುದ್ರದ ಊರುಗಳಲ್ಲಿ ಸ್ಕೂಬಾ ಗೈಡ್ ಆಗಿ ದುಡಿದೆ. ಆಮೇಲೆ ಊರಿಗೆ ಬಂದು ಕೆಜಿಎಫ್ ಕಡೆಯ ಒಂದು ಹಳೆಯ ಕಲ್ಲುಕ್ವಾರಿಯನ್ನು ಗುತ್ತಿಗೆಗೆ ಹಿಡಿದೆ. ಕಲ್ಲು ತೆಗೆಯುವುದು ನಿಂತ ಮೇಲೆ ಅದರಲ್ಲಿ ನಲವತ್ತು ಅಡಿ ತಿಳಿನೀರು ನಿಂತಿತ್ತು. ಸಮುದ್ರವಿಲ್ಲದ ಊರಲ್ಲಿ ಸಮುದ್ರದ ಅಂಗಡಿ ಇಟ್ಟಿದ್ದಾಳೆ ಅಂತ ಜನ ಆಡಿಕೊಂಡರು. ಸಿಲಿಂಡರಿಗೆ ಗಾಳಿ ತುಂಬುವ ಯಂತ್ರವನ್ನು ಊರಿಗಾಂನ ಹಳೇ ಗಣಿ ಕಾರ್ಮಿಕರ ಸಾಲಿನ ಒಂದು ಲೈನ್ ಮನೆಯಲ್ಲಿಟ್ಟಿದ್ದೆ. ಅದರ ಸದ್ದಿಗೆ ಅಕ್ಕಪಕ್ಕದವರು ತಮಿಳಿನಲ್ಲೂ ತೆಲುಗಿನಲ್ಲೂ ಬೈಯುತ್ತಿದ್ದರು.

ನನ್ನದು ದೋಣಿಯಿಲ್ಲದ ಕೆಲಸ. ಹಿಂದೆ ಲಾರಿಗಳು ಇಳಿಯುತ್ತಿದ್ದ ಇಳಿಜಾರಿನಲ್ಲಿ ದಡದಿಂದಲೇ ನೀರಿಗೆ ನಡೆದು ಹೋಗುವುದು. ಒಂದು ಸಲಕ್ಕೆ ಒಬ್ಬರು, ಹೆಚ್ಚೆಂದರೆ ಇಬ್ಬರು. ಬೆಂಗಳೂರಿನಿಂದ ಮೊದಲ ಸಲ ನೀರಿಗಿಳಿಯುವವರು ಬರುತ್ತಿದ್ದರು, ಸರ್ಟಿಫಿಕೇಟ್ ಇದ್ದೂ ಅಭ್ಯಾಸ ತಪ್ಪಿದವರೂ ಬರುತ್ತಿದ್ದರು. ಹದಿನೈದು ಅಡಿ ಆಳದಲ್ಲಿ, ಕಲ್ಲು ಕೊರೆದವರು ಬಿಟ್ಟುಹೋದ ಅಗಲವಾದ ಬಂಡೆಯ ಮೆಟ್ಟಿಲೊಂದಿದೆ. ಹೊಸಬರು ಅಲ್ಲಿಯವರೆಗೆ ಮಾತ್ರ. ಸರ್ಟಿಫಿಕೇಟ್ ಇದ್ದವರಿಗೆ ಕೆಳಗಿನ ತಳ, ಅಲ್ಲಿನ ಬೆಳ್ಳನೆಯ ಕಲ್ಲುಪುಡಿ.

ಈ ಕೆಲಸದಲ್ಲಿ ಮೊದಲನೆಯ ನಿಯಮ ಒಂದೇ. ಉಸಿರು ಕಟ್ಟಬಾರದು. ಆಳದಲ್ಲಿ ಸಿಲಿಂಡರಿನಿಂದ ಎಳೆದುಕೊಳ್ಳುವುದು ಒತ್ತಿದ ಗಾಳಿ. ಮೇಲೆ ಬರುತ್ತ ಬರುತ್ತ ಅದು ಹಿಗ್ಗುತ್ತದೆ. ಉಸಿರು ಬಿಡುತ್ತ ಬಂದರೆ ಗುಳ್ಳೆಯಾಗಿ ಹೋಗುತ್ತದೆ, ಬಿಗಿಹಿಡಿದು ಬಂದರೆ ಶ್ವಾಸಕೋಶವನ್ನೇ ಹರಿದುಹಾಕುತ್ತದೆ. ಬಾವಿಗೆ ಮುಳುಗುವವನಿಗೆ ಈ ಭಯವಿಲ್ಲ. ಅವನು ಮೇಲಿನ ಗಾಳಿಯನ್ನೇ ಹೊತ್ತು ಹೋಗಿ ಅದನ್ನೇ ಹೊತ್ತು ಬರುತ್ತಾನೆ. ಮಾಮ ಗುದ್ದಿ ಗುದ್ದಿ ಕಲಿಸಿದ ವಿದ್ಯೆಯನ್ನು ಮರೆಯಲು ನನಗೆ ಒಂದು ವರ್ಷ ಹಿಡಿಯಿತು. ಹಾಗಾಗಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಚೆನ್ನಾಗಿ ಗೊತ್ತಿತ್ತು, ಬಾವಿಯವನಿಗೆ ಸಿಲಿಂಡರ್ ಕಟ್ಟಿದರೆ ಏನಾಗುತ್ತದೆ ಅಂತ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಮಾಮ ಭಾನುವಾರಗಳಲ್ಲಿ ತನ್ನ ಹಳೇ ಮೊಪೆಡ್ ಏರಿ ಕ್ವಾರಿಗೆ ಬಂದು ಬಂಡೆಯ ಮೇಲೆ ಕೂರುತ್ತಿದ್ದ. ಊರಿನ ಬಾವಿಗಳೆಲ್ಲ ಒಣಗಿ, ಬೋರ್‌ವೆಲ್ಲಿನೊಳಗೆ ಮನುಷ್ಯ ಇಳಿಯುವಂತಿಲ್ಲವಾದ್ದರಿಂದ ಅವನಿಗೆ ಕೆಲಸವಿರಲಿಲ್ಲ. “ಬೆನ್ನಿಗೆ ಗ್ಯಾಸ್ ಕಟ್ಕೊಂಡು ಓಗೋದೂ ಒಂದು ಈಜೇನ್ರೀ? ಒಲೇನೂ ತಗೊಂಡೋಗ್ರಿ, ಅಲ್ಲೇ ಮುದ್ದೆ ತಿರುವ್ಕೊಂಡು ಬರ್ಬೋದು” ಅನ್ನುತ್ತಿದ್ದ. ಬಂದವರಿಗೆ ಕನ್ನಡ ಬರದಿದ್ದರೆ ನಾನು ಅನುವಾದ ಮಾಡುತ್ತಿರಲಿಲ್ಲ. ಕನ್ನಡ ಬರುವವರಾದರೆ ನಗುತ್ತಿದ್ದರು.

ಆದರೆ ಅವನು ಬರುತ್ತಿದ್ದುದು ಗೇಲಿಗಲ್ಲ. ನಾನು ಊರಿಗೆ ಮರಳುವ ಮುಂಚೆ, ಬಟ್ಟೆ ಒಗೆಯಲು ಬಂದಿದ್ದ ಒಬ್ಬ ಹೆಂಗಸು ಇದೇ ಕ್ವಾರಿಯಲ್ಲಿ ಜಾರಿ ಮುಳುಗಿದ್ದಳು. ಊರವರು ಮಾಮನನ್ನು ಕರೆದರು. ಬೆಳಗಿನಿಂದ ಸಂಜೆಯವರೆಗೆ ಮುಳುಗಿದ, ತಳ ಸಿಗಲಿಲ್ಲ. ಕೊನೆಗೆ ಸಿಲಿಂಡರ್ ಕಟ್ಟಿಕೊಂಡು ಬಂದ ರಕ್ಷಣಾ ತಂಡದವರು ಅರ್ಧ ಗಂಟೆಯಲ್ಲಿ ಹೆಣ ತೆಗೆದರು. “ಇನ್ಮೇಲೆ ಈಯಪ್ಪನ್ನ ಕರೀಬ್ಯಾಡ್ರಪ್ಪ” ಅಂತ ಗುಂಪಿನಲ್ಲಿ ಯಾರೋ ಅಂದರಂತೆ. ಅಮ್ಮ ಫೋನಿನಲ್ಲಿ ಅಳುತ್ತ ಇದನ್ನು ಹೇಳಿದಾಗ ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಅಂದಿನಿಂದ ಅವನಿಗೆ ಒಂದೇ ಹಟ. “ಆ ತಳ ಒಂದ್ಸಲ ಮುಟ್ಬೇಕು ಕಣೇ. ಒಂದೇ ಸಲ. ಆಮ್ಯಾಕೆ ಸತ್ರೂ ಸರಿ.” ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಸಿಲಿಂಡರ್ ಕೇಳುತ್ತಿದ್ದ. ನಾನು ಇವತ್ತು, ನಾಳೆ ಅಂತ ಆಡಿಸಿದೆ. ಅವನು ಕೇಳುವುದು, ನಾನು ಕೊಡದಿರುವುದು, ಅದೇ ಒಂದು ಸುಖವಾಗಿತ್ತು.

ಆ ಭಾನುವಾರ ಬೆಳಗ್ಗೆ ಬಂದಿದ್ದವಳು ಒಬ್ಬ ಹಲ್ಲಿನ ಡಾಕ್ಟರು. ಮೊದಲ ಸಲ ಇಳಿಯುವವಳು. ದಡದಲ್ಲಿ ನಿಲ್ಲಿಸಿ ಪಾಠ ಹೇಳಿದೆ. ಉಸಿರು ಕಟ್ಟುವುದಿಲ್ಲ ಅಂತ ಅವಳ ಬಾಯಿಂದ ಇಂಗ್ಲಿಷಿನಲ್ಲಿ ಮೂರು ಸಲ ಹೇಳಿಸಿದೆ. ಅದು ನನ್ನ ಪದ್ಧತಿ, ಮೂರು ಸಲ ಹೇಳದವರನ್ನು ನೀರಿಗೆ ಬಿಡುವುದಿಲ್ಲ. ಬಂಡೆಯ ಮೆಟ್ಟಿಲವರೆಗೆ ಹೋಗಿ ಬಂದೆವು. ಅವಳು ಟವಲ್ ಹೊದ್ದು ಫ್ಲಾಸ್ಕಿನ ಕಾಫಿ ಕುಡಿಯುತ್ತ ಕೂತಳು. ನನ್ನದರಲ್ಲಿ ಇನ್ನೂ ಅರ್ಧ ಗಾಳಿಯಿತ್ತು, ತುಂಬಿದ ಇನ್ನೊಂದು ಸಿಲಿಂಡರ್ ಉಳಿದಿತ್ತು.

“ಬಾ ಮಾಮ, ಇವತ್ತು ನಿಂದೇ” ಅಂದೆ.

ಎದ್ದು ನಿಂತ. ಅವನಿಗೆ ಸಿಲಿಂಡರಿನ ಜಾಕೆಟ್ ಹಾಕಿದೆ, ಬೆಲ್ಟ್ ಬಿಗಿದೆ, ಕಾಲಿಗೆ ಮೀನಿನ ರೆಕ್ಕೆಯಂಥ ರಬ್ಬರಿನ ಫಿನ್ ತೊಡಿಸಿದೆ. ಅರವತ್ತು ದಾಟಿದ ಮನುಷ್ಯ ಹೊಸ ಅಂಗಿ ತೊಡಿಸಿಕೊಳ್ಳುವ ಮಗುವಿನಂತೆ ಕೈ ಎತ್ತಿ ನಿಂತಿದ್ದ. ಆಮೇಲೆ ಕೇಳಿದ, “ಆಯಮ್ಮನ್ ಕೈಲಿ ಅದೇನೇ ಮೂರ್ ಮೂರ್ ಸಲ ಯೋಳಿಸ್ದೆ?”

ಹೇಳಬಹುದಿತ್ತು. ಎರಡೇ ಮಾತು. ನಾಲಿಗೆಯ ತುದಿಯಲ್ಲಿದ್ದವು. ಆದರೆ ಅವುಗಳಿಗಿಂತ ಮುಂದೆ ಇನ್ನೊಂದು ಮಾತು ಇಪ್ಪತ್ತೇಳು ವರ್ಷದಿಂದ ಕಾಯುತ್ತಿತ್ತು.

“ಅದು ಕಲಿಯೋರ್ಗೆ ಮಾಮ. ನಿಂಗ್ಯಾಕೆ?” ಅಂದೆ. “ನೀರೇ ಕಲಿಸ್ತದೆ.”

ಅವನು ನನ್ನ ಮುಖವನ್ನೇ ನೋಡಿದ. ನೆನಪಾಗಿರಬೇಕು. ಗಾಳಿಕೊಳವೆಯ ರಬ್ಬರು ಬಾಯಿಗೆ ಕಚ್ಚಿಕೊಂಡ. ಗುರುವಿಗೇ ತಿರುಮಂತ್ರ ಹಾಕಿದೆ ಅಂತ ನನ್ನ ಎದೆ ಉಬ್ಬಿತ್ತು.

ಅವನು ಸಾಯಲಿ ಅಂತ ನನ್ನ ಮನಸ್ಸಿನಲ್ಲಿರಲಿಲ್ಲ. ಮೆಟ್ಟಿಲವರೆಗೆ ಕರೆದೊಯ್ದು ಅಲ್ಲಿ ಹೆದರಿಸಬೇಕು, ಮಾಸ್ಕಿಗೆ ನೀರು ನುಗ್ಗಿ ಕಣ್ಣು ಅಗಲವಾಗುವುದನ್ನು ನೋಡಬೇಕು, ಅವನ ಸಿಲಿಂಡರ್ ಹಿಡಿದು ಉಸಿರು ಬಿಡಿಸುತ್ತ ನಾನೇ ಮೇಲೆ ತರಬೇಕು ಅಂತಿದ್ದೆ. ಅಷ್ಟೇ ಅಂತ ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಕೆಲವು ದಿನ ನಂಬುತ್ತೇನೆ.

ಮೆಟ್ಟಿಲ ಮೇಲೆ ಅವನು ಹೆದರಲಿಲ್ಲ. ಹಸಿರು ಪಾಚಿಯ ಮೇಲೆ ಮಂಡಿಯೂರಿ ಸುತ್ತ ನೋಡಿದ. ಮಾಸ್ಕಿನೊಳಗೆ ಅವನ ಕಣ್ಣು ನಗುತ್ತಿದ್ದವು. ನನಗೆ ಹೊಟ್ಟೆ ಉರಿಯಿತು. ಹಿಡಿತ ಸ್ವಲ್ಪ ಸಡಿಲಿಸಿದೆ, ನಾನು ಬಿಟ್ಟರೆ ಏನು ಮಾಡುತ್ತಾನೋ ನೋಡೋಣ ಅಂತ. ಅವನು ಅಂಚಿನಿಂದ ತಲೆಕೆಳಗಾಗಿ ಜಾರಿ, ಬಾವಿಗಿಳಿದ ಹಾಗೆ ನೇರ ತಳಕ್ಕೆ ಹೋದ. ನಾನು ಹಿಂದೆಯೇ ಇಳಿದೆ. ತಳದಲ್ಲಿ ಬಿಳಿಪುಡಿ ಎದ್ದಿತ್ತು. ಅದರ ನಡುವೆ ಅವನ ಎಡಗೈ ನೆಲವನ್ನು ಬಾಚಿ ಮುಷ್ಟಿ ಕಟ್ಟಿದ್ದು ಕಂಡಿತು. ಆಮೇಲೆ ಅವನು ಬಾಲ್ಯದಿಂದ ಮಾಡಿದ್ದನ್ನೇ ಮಾಡಿದ. ಎದೆ ತುಂಬ ಗಾಳಿ ಎಳೆದುಕೊಂಡು, ಉಸಿರು ಕಟ್ಟಿ, ಎರಡೂ ಕಾಲಿಂದ ನೆಲ ಒದ್ದು ಮೇಲಕ್ಕೆ ಚಿಮ್ಮಿದ. ಹುಟ್ಟುಗುಣ ಸುಟ್ಟರೂ ಹೋಗದು.

ಹಾರಿ ಕಾಲು ಹಿಡಿದೆ. ಫಿನ್ ಕಳಚಿ ನನ್ನ ಕೈಯಲ್ಲುಳಿಯಿತು. ಕತ್ತೆತ್ತಿ ನೋಡಿದೆ. ನನ್ನ ಗುಳ್ಳೆಗಳು ಗೊಂಚಲು ಗೊಂಚಲಾಗಿ ಹೋಗುತ್ತಿದ್ದವು. ಅವನಿಂದ ಒಂದು ಗುಳ್ಳೆಯೂ ಇಲ್ಲ. ಅಷ್ಟು ಅಚ್ಚುಕಟ್ಟಾಗಿ ಮಾಮ ಮೇಲೆ ಹೋದ.

ನಾನು ಮೇಲೆ ಬಂದಾಗ ಅವನ ಬಾಯಲ್ಲಿ ಕೆಂಪು ನೊರೆ. ಡಾಕ್ಟರಮ್ಮ ಟವಲ್ ಬಿಸಾಕಿ ನೀರಿಗೆ ಓಡಿಬಂದಿದ್ದಳು. ಇಬ್ಬರೂ ಎಳೆದು ದಡಕ್ಕೆ ಹಾಕಿ, ಆಮ್ಲಜನಕ ಕೊಟ್ಟು, ಅವಳ ಕಾರಿನಲ್ಲೇ ಸಾಗಿಸಿದೆವು. ಮುಷ್ಟಿ ಬಿಚ್ಚಿರಲಿಲ್ಲ. ದಾರಿಯಲ್ಲಿ ನಾನೇ ಒಂದೊಂದು ಬೆರಳು ಬಿಡಿಸಿದೆ. ಬೆಳ್ಳನೆಯ ಕಲ್ಲುಪುಡಿ ನನ್ನ ಮಡಿಲಿಗೆ ಸುರಿಯಿತು.

“ಉಸಿರು ಕಟ್ಟಬಾರದು ಅಂತ ಅವರಿಗೆ ಹೇಳಿದ್ರಿ ತಾನೆ?” ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಕೇಳಿದಳು.

“ಹೇಳಿದ್ದೆ” ಅಂದೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಗಾಳಿಯ ಒತ್ತಡ ಏರಿಸುವ ಕೋಣೆಯೊಳಗಿಟ್ಟು ಜೀವ ಉಳಿಸಿದರು. ಹರಿದ ಶ್ವಾಸಕೋಶದಿಂದ ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಿತ್ತಂತೆ. ಎಡಗೈ, ಎಡಗಾಲು ಬಿದ್ದುಹೋದವು. ಮದುವೆಯಾಗದ ಮನುಷ್ಯ, ನೋಡುವವರಿಲ್ಲ, ನಮ್ಮ ಮನೆಗೇ ತಂದೆವು. ನೋಡಲು ಬಂದ ನೆಂಟರಿಗೆಲ್ಲ ತೊದಲುತ್ತ ಒಂದೇ ಮಾತು ಹೇಳಿದ. “ಉಡುಗಿ ಎಲ್ಲಾ ಯೋಳಿದ್ಲು. ನಾನೇ ಕೇಳ್ಲಿಲ್ಲ.” ಜನ ನನ್ನನ್ನು ಪಾಪ ಅಂದರು. ಅಮ್ಮ ನನ್ನ ತಲೆ ಸವರಿದಳು. ನಾನು ತಲೆ ಬಗ್ಗಿಸಿಕೊಂಡು ಸವರಿಸಿಕೊಂಡೆ.

ಬೆಳಗ್ಗೆ ಅವನಿಗೆ ವ್ಯಾಯಾಮ ಮಾಡಿಸುವುದು ನನ್ನ ಪಾಲು. ಸೆಟೆದುಕೊಂಡ ಎಡಮುಷ್ಟಿ ಬಿಡಿಸಿ ಅಂಗೈ ತೊಳೆಯಬೇಕು, ಇಲ್ಲದಿದ್ದರೆ ವಾಸನೆ ಬರುತ್ತದೆ. ಆಮೇಲೆ ಬಲೂನು ಊದಿಸಬೇಕು. ಅವನು ಈಗಲೂ ಎದೆ ತುಂಬಿಕೊಂಡು ಹಾಗೇ ಹಿಡಿದಿಡುತ್ತಾನೆ. “ಬಿಡು ಮಾಮ, ಕಟ್ಬ್ಯಾಡ, ಉಸ್ರು ಬಿಡ್ತಾ ಇರು” ಅಂತ ದಿನಾ ಹೇಳುತ್ತೇನೆ.

ಒಂದು ದಿನ ಬಲೂನನ್ನು ಬಾಯಿಂದ ತೆಗೆದ. “ಅವತ್ತು ಆಯಮ್ಮನ್ ಕೈಲಿ ಯೋಳಿಸಿದ್ದು ಇದೇ ತಾನೆ?” ಅಂದ.

“ಊಂ.”

“ಬೇಕಂತ್ಲೇ ನಂಗ್ ಯೋಳ್ಲಿಲ್ಲ.”

ಅದು ಪ್ರಶ್ನೆಯಾಗಿರಲಿಲ್ಲ. ಆದರೂ “ಊಂ” ಅಂದೆ. ಬೈಯಲಿ ಅಂತ ಕಾದೆ. ಅವನು ಬೈಯಲಿಲ್ಲ. ಜೊಲ್ಲು ಸುರಿಯುತ್ತಿತ್ತು, ಒರೆಸಿದೆ. ಆಮೇಲೆ ಎಡಗೈಯನ್ನು ಬಲಗೈಯಿಂದ ಎತ್ತಿ ನನ್ನ ಮುಂದೆ ಹಿಡಿದ.

“ಕೈಯಾಗೆ ಏನೋ ಇತ್ತಂತಲ್ಲ. ಅದು ತಳದ್ದೇ ತಾನೆ?”

ಬಾವಿಯ ದಂಡೆಯಲ್ಲಿ ಒಂಬತ್ತು ವರ್ಷದ ಮುಖವೊಂದು ಅವನನ್ನು ಹೇಗೆ ನೋಡಿತ್ತೋ ಹಾಗೇ ನನ್ನನ್ನು ನೋಡುತ್ತಿದ್ದ. ಅವನಿಗೆ ನನ್ನಿಂದ ಇನ್ನೇನೂ ಬೇಕಿರಲಿಲ್ಲ, ಒಂದು ಹೌದು ಸಾಕಿತ್ತು. ಆ ಬಿಳಿಪುಡಿಯನ್ನು ನಾನು ಚೀಟಿಯಲ್ಲಿ ಕಟ್ಟಿ ನನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ಎದ್ದು ಹೋಗಿ ತರಲು ಆರು ಹೆಜ್ಜೆ.

“ಮೆಟ್ಲು ಮೇಲಿಂದು ಮಾಮ” ಅಂದೆ.

ಅವನ ಕಣ್ಣು ನನ್ನ ಮೇಲೇ ನಿಂತವು. ಆಮೇಲೆ ಮುಖದ ಬಲ ಅರ್ಧ ಮೆಲ್ಲಗೆ ನಕ್ಕಿತು.

“ಭಲೇ” ಅಂದ. “ನನ್ ಕೈಲಿ ಕಲ್ತೋಳಲ್ವಾ ನೀನು.”

ಹುಟ್ಟಿದಂದಿನಿಂದ ಮಾಮ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ನನಗೆ ಕುಣಿಯುವಷ್ಟು ಸಂತೋಷವಾಯಿತು. ಅದು ಅವನಿಗೆ ಕಾಣದಿರಲಿ ಅಂತ ಬಲೂನನ್ನು ಮತ್ತೆ ಅವನ ಬಾಯಿಗಿಟ್ಟು, ಊದು ಅಂದೆ.