ಅರ್ಧಕ್ಕೆ ನಿಂತ ರೇಸು

ಮೌಂಟನ್ ವ್ಯೂ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಪಕ್ಕದ ಮನೆಯವರು ಮಂಗಳೂರಿನ ಕಡೆಯವರು. ಭಾನುವಾರ ಡಾಟ್‌ಕಾಮ್ ಷೇರುಗಳ ಮಾತು ಮುಗಿದರೆ ಶುರುವಾಗುತ್ತಿದ್ದುದು, ಕಾಲೇಜಿನ ದಿನಗಳಲ್ಲಿ ನಾನು ಮದರಾಸಿನಲ್ಲಿ ದೂರದಿಂದ ನೋಡಿದ್ದ ರೇಸಿನ ಮಾತು: ಚಕ್ರಗಳೆಲ್ಲ ಹೊರಗೇ ಕಾಣುವ ಪುಟ್ಟ ಕಾರುಗಳು, ಜಡಿಮಳೆ, ಅರ್ಧಕ್ಕೇ ನಿಲ್ಲಿಸಿದ ಪಂದ್ಯ.

"ಇನ್ನೊಂದು ರೌಂಡ್ ಬಿಟ್ಟಿದ್ರೆ ಎರಡನೇ ಕಾರೇ ಗೆಲ್ತಿತ್ತು!" ಎಂದು ಪ್ರತಿ ಸಲವೂ ರೇಗುತ್ತಿದ್ದೆ.

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ, "ನಿಲ್ಲಿಸಿದ್ದು ಒಳ್ಳೇದಾಯ್ತು ಮಾರಾಯ್ರೆ," ಎನ್ನುತ್ತಿದ್ದರು. ಅಷ್ಟೇ.

ಒಮ್ಮೆ ಅವರ ಹೆಂಡತಿಗೆ ತಡೆಯಲಾಗಲಿಲ್ಲ. ನೀರುದೋಸೆ ಬಡಿಸುತ್ತ, "ಆ ಎರಡನೇ ಕಾರು ಓಡಿಸಿದ್ದು ಇವರೇ," ಎಂದರು.

"ಸಾರ್, ಮತ್ತೆ ನೀವೇ ಗೆಲ್ತಿದ್ರಲ್ಲ!" ಎಂದೆ.

ಅವರು ಕನ್ನಡಕ ಒರೆಸಿದರು. "ರೋಡೇ ಕಾಣ್ತಾ ಇರ್ಲಿಲ್ಲ ಮಾರಾಯ್ರೆ. ಮುಂದಿನವನ ಸದ್ದು ಕೇಳಿ ತಿರುಗಿಸ್ತಾ ಇದ್ದೆ. ಅವನನ್ನು ದಾಟಿದ್ರೆ ಯಾರ ಸದ್ದು ಕೇಳುವುದು?"